ಸಕೀನಾಬೀ ಮುಚ್ಚಿಟ್ಟ ಮರೆವು

ಮೊದಲು ಕೈಬಿಟ್ಟದ್ದು ಜೀರಿಗೆ ಎಂಬ ಒಂದು ಮಾತು. ಮಸ್ಕಿಯ ಕಿರಾಣಿ ಅಂಗಡಿಯ ಮುಂದೆ ನಿಂತು ಸಕೀನಾಬೀ "ಅದು ಕೊಡಪ" ಅಂದಳು. ಯಾವುದು ಅಂತ ಅಂಗಡಿಯವನು ಕೇಳಿದ. ಕಾಳು ಕಣ್ಣಿಗೆ ಕಟ್ಟಿದಂತಿತ್ತು, ವಾಸನೆ ಮೂಗಿನಲ್ಲಿತ್ತು, ಹೆಸರು ಮಾತ್ರ ನಾಲಿಗೆಗೆ ಬರಲಿಲ್ಲ. ಕೊನೆಗೆ ಬೆರಳು ಮಾಡಿ ಡಬ್ಬಿ ತೋರಿಸಿದಳು. "ವಯಸ್ಸಾತು ನೋಡಪ" ಎಂದು ನಕ್ಕಳು. ಅವನೂ ನಕ್ಕ. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಪೊಟ್ಟಣ ಮೂಸುತ್ತ ಆ ಹೆಸರು ಹುಡುಕಿದಳು.

ಅಂಗಡಿಯವನಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು. ಅವಳ ತಂದೆಯ ಮರೆವೂ ಹೀಗೆ ಒಂದೇ ಮಾತಿನಿಂದ ಶುರುವಾಗಿತ್ತು.

ಸಕೀನಾಬೀ ಲಿಂಗಸುಗೂರಿನಲ್ಲಿ ಗಾದಿ ಹೊಲಿಯುವ ದಾವಲ್‌ಸಾಬ್‌ನ ಸಣ್ಣ ಮಗಳು. ಬಳಗಾನೂರಿಗೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡ. ತವರಿಗೆ ಬಂದವಳಿಗೆ ಇನ್ನೊಂದು ನಿಕಾಹ್ ಮಾಡುವ ಮಾತು ಎದ್ದಿತ್ತು. ಅಷ್ಟರಲ್ಲಿ ತಾಯಿ ಹಾಸಿಗೆ ಹಿಡಿದಳು, ಮಾತು ಅಲ್ಲಿಗೇ ನಿಂತಿತು. ತಾಯಿಯ ಹಿಂದೆ ತಂದೆ, ಅವಳ ಅಬ್ಬಾ. ದಾವಲ್‌ಸಾಬ್ ಮೊದಲು ದಬ್ಬಣದ ಹೆಸರು ಮರೆತ, ಆಮೇಲೆ ತನ್ನ ಓಣಿ ಮರೆತ, ಕಡೆಗೆ ಮಗಳನ್ನೇ ಮರೆತ. ದಿನಾ ಸಂಜೆ "ಯಾರ ಮನಿ ಹೆಣಮಗಳವಾ ನೀ? ಕತ್ತಲಾತು, ನಿಮ್ಮ ಮನಿಗೆ ಹೋಗು" ಎಂದು ಅವಳನ್ನು ಹೊಸ್ತಿಲ ಹೊರಗೆ ಕಳಿಸಲು ನೋಡುತ್ತಿದ್ದ. ಅವಳು ಹೊರಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಒಳಗೆ ಬರುತ್ತಿದ್ದಳು. ಅವನನ್ನು ಮಣ್ಣಿಗೆ ಕೊಟ್ಟ ಮೇಲೆ ಸಿಂಧನೂರಿನ ಅಣ್ಣನ ಮನೆಗೆ ಹೋದಳು. ಅಲ್ಲಿ ಅಣ್ಣನ ಹೆಂಡತಿ ಭಾಬಿಗೆ ಲಕ್ವಾ ಹೊಡೆದಿತ್ತು. ವರ್ಷಾನುಗಟ್ಟಲೆ ಅವಳ ಬಾಯಿ ಒರೆಸಿದಳು, ಮಗ್ಗುಲು ತಿರುಗಿಸಿದಳು.

ಬಳಗದಲ್ಲಿ ಅವಳ ಬಗ್ಗೆ ಒಳ್ಳೆಯ ಮಾತೇ ಇತ್ತು. "ಸಕೀನಾನ ಕೈಯಾಗ ಬಿದ್ದವರಿಗೆ ಬೆನ್ನಿಗೆ ಹುಣ್ಣಾಗಂಗಿಲ್ಲ" ಎನ್ನುತ್ತಿದ್ದರು. ಯಾರ ಮನೆಯಲ್ಲಿ ಯಾರು ಮಲಗಿದರೂ "ಸಕೀನಾನ ಕರಸ್ರಿ" ಎನ್ನುತ್ತಿದ್ದರು. ಅವಳು ಒಂದು ಚೀಲದಲ್ಲಿ ತನ್ನ ಬಟ್ಟೆ ತುಂಬಿಕೊಂಡು ಹೋಗುತ್ತಿದ್ದಳು. ಹಾಸಿಗೆಯಲ್ಲಿ ಜೀವ ಇರುವತನಕ ಅದರ ಪಕ್ಕದ ಚಾಪೆ ಅವಳದು. ಸತ್ತವರ ನಲವತ್ತನೆಯ ದಿನದ ಫಾತೆಹಾ ಮುಗಿದ ಮೇಲೆ ಮನೆಯವರು ದನಿ ಇಳಿಸಿ, ಮರ್ಯಾದೆಯಿಂದಲೇ ಕೇಳುತ್ತಿದ್ದರು: "ಇನ್ನ ಮುಂದ ಹೆಂಗ ಮಾಡ್ತಿ, ಸಕೀನಾ?" ಆ ಪ್ರಶ್ನೆಗೆ ಅವಳು ಸಾವಿಗಿಂತ ಹೆಚ್ಚು ಅಂಜುತ್ತಿದ್ದಳು.

ಈಗ ಅವಳು ಇದ್ದದ್ದು ಮಸ್ಕಿಯಲ್ಲಿ, ಅಕ್ಕ ಮಾಬುಬೀಯ ಮನೆಯಲ್ಲಿ. ಸಕ್ಕರೆ ಕಾಯಿಲೆ ಮಾಬುಬೀಯ ಎರಡೂ ಕಣ್ಣು ತೆಗೆದುಕೊಂಡಿತ್ತು. ಮಗ ಖಾದರಬಾಷಾ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಸೊಸೆ ಅತೀಯಾ ಉರ್ದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಸಕೀನಾಬೀ ಬಂದ ಮೇಲೆಯೇ ಅವಳು ಆ ಕೆಲಸಕ್ಕೆ ಸೇರಿದ್ದು. ಊಟಕ್ಕೆ ಮುಂಚೆ ಮಾಬುಬೀಯ ಹೊಟ್ಟೆಗೆ ಇನ್ಸುಲಿನ್ ಚುಚ್ಚುವುದು, ಮೆತ್ತಗಿನ ಅನ್ನ ಉಣಿಸುವುದು, ಕಾಲಿನ ಬೆರಳ ಸಂದಿ ನೋಡಿ ಎಣ್ಣೆ ಹಚ್ಚುವುದು, ಎಲ್ಲ ಸಕೀನಾಬೀಯದು.

ಜೀರಿಗೆಯ ನಂತರ ಬೇರೆಯವೂ ಬಂದವು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಎದ್ದವಳು, ಓದಿದೆನೋ ಇಲ್ಲವೋ ಎಂಬ ಅನುಮಾನ ಬಂದು ಮತ್ತೆ ಚಾಪೆ ಹಾಸುತ್ತಿದ್ದಳು. ಅಲ್ಲಾಹನ ಮುಂದೆ ಎರಡು ಸಲ ನಿಂತರೆ ತಪ್ಪಿಲ್ಲ. ಆದರೆ ಇನ್ಸುಲಿನ್ ಎರಡು ಸಲ ಕೊಟ್ಟರೆ ಅಕ್ಕ ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಸೂಜಿ ಹಿಡಿದು ಕೂತವಳಿಗೆ, ಇದು ಚುಚ್ಚಲು ತೆಗೆದದ್ದೋ, ಚುಚ್ಚಿ ಆದದ್ದೋ ತಿಳಿಯಲಿಲ್ಲ. "ಆಪಾ, ಸೂಜಿ ಮಾಡಿದೆನಾ?" ಎಂದು ತಮಾಷೆಯಂತೆ ಕೇಳಿದಳು. "ಈಗರ ಮಾಡಿದೆಲ್ಲ" ಅಂದಳು ಮಾಬುಬೀ.

ಅಂದಿನಿಂದ ಪ್ರತಿ ಸಲ ಚುಚ್ಚಿದ ಮೇಲೆ ಸೂಜಿಯ ಮುಚ್ಚಳವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳತೊಡಗಿದಳು. ಗಂಟು ಇದ್ದರೆ ಕೊಟ್ಟಾಗಿದೆ. ಹೆಸರು ಮರೆತಾಗ "ಲೇ ಮಗಾ", "ನಿಮ್ಮವ್ವ" ಎಂದು ಜಾರಿಕೊಳ್ಳುವುದನ್ನೂ ಕಲಿತಳು. ಬೆಳಗ್ಗೆ ಎದ್ದಾಗ ಇದು ಯಾರ ಮನೆ ಎಂದು ಗೊತ್ತಾಗದಿದ್ದರೆ, ಗೊತ್ತಾಗುವತನಕ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು. ಯಾರಿಗೂ ಹೇಳಲಿಲ್ಲ. ನೋಡಿಕೊಳ್ಳುವ ಕೈ ಎಂದು ಇಟ್ಟುಕೊಂಡವರು, ಆ ಕೈಯನ್ನೇ ನೋಡಿಕೊಳ್ಳಬೇಕಾಗಿ ಬಂದರೆ ಇಟ್ಟುಕೊಳ್ಳುತ್ತಾರೆಯೇ?

ಮಾಬುಬೀಯನ್ನು ಆಗಾಗ ಸಿಂಧನೂರಿನ ದವಾಖಾನೆಗೆ ಕರೆದುಕೊಂಡು ಹೋಗಬೇಕಿತ್ತು. ಒಂದು ದಿನ ಎಂದಿನಂತೆ ಅಕ್ಕತಂಗಿ ಇಬ್ಬರೇ ಬಸ್ಸಿನಲ್ಲಿ ಹೋದರು. ತೋರಿಸುವುದು ಸಲೀಸಾಗಿ ಮುಗಿಯಿತು. ವಾಪಸ್ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಅಕ್ಕನನ್ನು ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕೂರಿಸಿ, ಸೆರಗು ಮರೆ ಮಾಡಿ ಇನ್ಸುಲಿನ್ ಕೊಟ್ಟಳು. ಮುಚ್ಚಳ ಗಂಟು ಹಾಕಿಕೊಂಡಳು. ನೋಡಿದರೆ ಬಾಟಲಿಯಲ್ಲಿ ನೀರಿಲ್ಲ.

"ನೀರು ತರ್ತೀನಿ ಆಪಾ, ಬಂದು ಉಣಸ್ತೀನಿ. ಏಳಬ್ಯಾಡ."

"ಲಗೂ ಬಾ. ಹೊಟ್ಟಿ ಹಸದೈತಿ."

ಊಟದ ಡಬ್ಬಿ ಇದ್ದ ಚೀಲ ಹೆಗಲಲ್ಲೇ ಇತ್ತು. ಜನ ಒತ್ತಾಗಿದ್ದರು. ನೀರಿನ ನಲ್ಲಿಯ ಕಡೆ ಹೋಗುವಾಗ ಪಕ್ಕದಲ್ಲಿ ಒಂದು ಬಸ್ಸು ಗುರುಗುಡುತ್ತಿತ್ತು, ಕಂಡಕ್ಟರ್ ಬಾಗಿಲು ಬಡಿಯುತ್ತ "ಲಿಂಗಸೂರ, ಲಿಂಗಸೂರ, ಲಿಂಗಸೂರ" ಎಂದು ಕೂಗುತ್ತಿದ್ದ. ಸಕೀನಾಬೀ ನಿಂತಳು. ಹೊತ್ತಾಗಿದೆ. ಅಬ್ಬಾ ಇನ್ನೂ ಉಂಡಿಲ್ಲ. ಬಾಗಿಲು ತೆರೆದುಕೊಂಡು ಎಲ್ಲಾದರೂ ಹೋಗಿಬಿಟ್ಟರೆ? ಅವಳು ಮಂದಿಯನ್ನು ಸರಿಸಿ ಹತ್ತಿದಳು.

ಆಧಾರ್ ಕಾರ್ಡ್ ನೋಡಿ ಕಂಡಕ್ಟರ್ ಪುಕ್ಕಟೆ ಟಿಕೆಟ್ ಹರಿಯಹೋದ. "ಎಲ್ಲಿಗಮ್ಮಾ?"

"ಲಿಂಗಸುಗೂರಿಗೆ" ಎಂದಳು. ಎಳ್ಳಷ್ಟೂ ತಡವರಿಸಲಿಲ್ಲ.

ಕಾಲುವೆ ಹೋಯಿತು, ಭತ್ತದ ಗದ್ದೆಗಳು ಹೋದವು. ಮಸ್ಕಿಯಲ್ಲಿ ಬಸ್ಸು ನಿಂತು, ಜನ ಇಳಿದು, ಜನ ಹತ್ತಿ, ಮತ್ತೆ ಹೊರಟಿತು. ಅವಳು ಕಿಟಕಿಯಿಂದ ಗುಡ್ಡ ನೋಡಿದಳು. ಯಾವುದೋ ಊರು ಅನ್ನಿಸಿತು.

ಲಿಂಗಸುಗೂರಿನಲ್ಲಿ ಇಳಿದು ಕಾಲು ನಡೆಸಿದ ಕಡೆ ನಡೆದಳು. ಕಾಲು ಸರಿಯಾದ ಓಣಿಗೇ ಕರೆದೊಯ್ದವು. ಓಣಿಯ ಒಳಗೆ ಮನೆ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಗಾಜಿನ ಬಾಗಿಲಿನ ಅಂಗಡಿ, ಮೇಲೊಂದು ಅಂತಸ್ತು. ಅವಳು ಆ ಗೋಡೆಯ ಮೇಲೆ ಅಂಗೈ ಇಟ್ಟು ಚಿಲಕ ಹುಡುಕಿದಳು. ಅಂಗಡಿಯವನು ಹೊರಗೆ ಬಂದ.

"ಯಾರ ಬೇಕಮ್ಮಾ?"

"ದಾವಲ್‌ಸಾಬ್. ಗಾದಿ ಹೊಲಿತಾನ. ಊಟ ತಂದೀನಿ."

"ಅಂಥವರು ಯಾರೂ ಇಲ್ಲಿಲ್ಲಲ್ಲಮ್ಮಾ."

ಅವನಿಗೆ ತೋರಿಸಲೆಂದು ಅವಳು ಚೀಲ ಬಿಚ್ಚಿದಳು. ಡಬ್ಬಿಯ ಮೇಲೆ ಇನ್ಸುಲಿನ್ ಪೆಟ್ಟಿಗೆ ಇತ್ತು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಅಬ್ಬಾಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಇದು ಅಬ್ಬಾನದಲ್ಲ. ಕೈ ತಾನಾಗಿ ಸೆರಗಿಗೆ ಹೋಯಿತು. ಗಂಟು ಇತ್ತು. ಕೊಟ್ಟಾಗಿದೆ. ಯಾರಿಗೆ?

ಆಗ ಎಲ್ಲ ಒಮ್ಮೆಗೇ ಬಂತು. ಬೆಂಚು, ಗೋಡೆಗೆ ಒರಗಿದ ಅಕ್ಕ, ಹೊಟ್ಟಿ ಹಸದೈತಿ ಎಂದ ಮಾತು. ಇನ್ಸುಲಿನ್ ಒಳಗೆ ಹೋಗಿದೆ, ಅನ್ನ ಒಳಗೆ ಹೋಗಿಲ್ಲ. ಅನ್ನ ಇಲ್ಲಿದೆ, ತನ್ನ ಕೈಯಲ್ಲಿ, ಲಿಂಗಸುಗೂರಿನಲ್ಲಿ.

ಅವಳು ಬಸ್‌ಸ್ಟ್ಯಾಂಡಿನ ಕಡೆ ಓಡಿದಳು. ಓಡುವ ವಯಸ್ಸಲ್ಲ, ಓಡಿದಳು. ಸಿಂಧನೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಚೀಲದಲ್ಲಿ ಬಟನ್ ಫೋನಿತ್ತು. ಅದನ್ನು ತೆಗೆದಳು, ಒತ್ತಲಿಲ್ಲ. ಬಸ್ಸು ಈಗ ಬರಬಹುದು. ಹೋಗಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಗದ್ದಲದಲ್ಲಿ ತಪ್ಪಿಸಿಕೊಂಡೆವು ಎನ್ನಬಹುದು. ಹೇಳಿದರೆ ಇವತ್ತಿಗೆ ಎಲ್ಲ ಮುಗಿಯಿತು, ಚೀಲ ಕಟ್ಟಬೇಕು, ಕಟ್ಟಿಕೊಂಡು ಹೋಗುವುದಕ್ಕೆ ಕಾಯಿಲೆಯವರ ಮನೆಯೂ ಇಲ್ಲ. ಹೀಗೆ ಯೋಚಿಸುತ್ತ ನಿಂತವಳ ಕಣ್ಣ ಮುಂದೆ ಅಕ್ಕನ ಮುಖ ಬಂತು. ಒಮ್ಮೆ ಸಕ್ಕರೆ ಇಳಿದಾಗ ಅದು ಹೇಗೆ ಬೂದಿಯ ಬಣ್ಣಕ್ಕೆ ತಿರುಗಿತ್ತು ಎಂಬುದು ನೆನಪಾಯಿತು. ಅವಳು ಬಟನ್ ಒತ್ತಿದಳು.

"ಖಾದರ, ನಿಮ್ಮ ಅಮ್ಮಾ ಸಿಂಧನೂರು ಬಸ್‌ಸ್ಟ್ಯಾಂಡಿನಾಗ ಒಬ್ಬಾಕಿನ ಕುಂತಾಳ. ಇನ್ಸುಲಿನ್ ಕೊಟ್ಟೀನಿ, ಉಣಿಸಿಲ್ಲ. ಯಾರನ್ನರ ಕಳಸು."

"ನೀ ಎಲ್ಲಿ ಅದಿ ಖಾಲಾ?"

"ಲಿಂಗಸುಗೂರಾಗ."

ಆ ಕಡೆ ಮೋಟರಿನ ಸದ್ದು ನಿಂತಿತು. "ಅಲ್ಲಿಗ್ಯಾಕ ಹೋದಿ?"

"ಗೊತ್ತಿಲ್ಲಪ್ಪ. ನನಗ ಗೊತ್ತಾಗಲಿಲ್ಲ."

ಖಾದರಬಾಷಾ ಮತ್ತೇನೂ ಕೇಳಲಿಲ್ಲ. "ಶಾವಲಿ ಅಲ್ಲೇ ಸಿಂಧನೂರಾಗ ಆಟೋ ಹೊಡಿತಾನ, ಅವನಿಗೆ ಹೇಳ್ತೀನಿ. ನಾನೂ ಹೊಂಟೆ. ಖಾಲಾ, ನೀ ಎಲ್ಲಿಗೂ ಹೋಗಬ್ಯಾಡ. ಅಲ್ಲೇ ಕುಂದ್ರು."

ಅವಳು ಅಲ್ಲೇ ಕುಳಿತಳು. ಫೋನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಳು, ಬೇರೆ ಕಡೆ ನೋಡಿದರೆ ಇದೂ ಮರೆತುಹೋದೀತೆಂಬ ಭಯಕ್ಕೆ. ಬಾಯಿಯಲ್ಲಿ ದುವಾ ಬರಲಿಲ್ಲ. "ಮಾಬುಬೀ, ಸಿಂಧನೂರು, ಬೆಂಚು" ಎಂಬ ಮೂರೇ ಮಾತನ್ನು ತಸ್ಬಿಯ ಮಣಿಯಂತೆ ತಿರುಗಿಸುತ್ತಿದ್ದಳು.

ಫೋನು ಬಂತು. ಖಾದರಬಾಷಾನ ದನಿ ಬೇರೆಯೇ ಆಗಿತ್ತು. "ಖಾಲಾ, ಯಾವ ಬೆಂಚು? ಶಾವಲಿ ಎಲ್ಲಾ ನೋಡ್ಯಾನ. ಅಮ್ಮಾ ಇಲ್ಲಂತ."

ಯಾವ ಬೆಂಚೆಂದು ಹೇಳಲು ಅವಳು ಬಾಯಿ ತೆರೆದಳು. ನಲ್ಲಿಯ ಎಡಕ್ಕೋ ಬಲಕ್ಕೋ, ಗೋಡೆ ಹಸಿರೋ ಹಳದಿಯೋ, ಒಂದೂ ಬರಲಿಲ್ಲ. "ನಲ್ಲಿ ಹತ್ತಿರ" ಎಂದಷ್ಟೇ ಹೇಳಿದಳು. ಫೋನು ಕಟ್ಟಾಯಿತು. ಆಮೇಲಿನ ಹೊತ್ತು ಎಷ್ಟಿತ್ತೋ ಅವಳಿಗೆ ತಿಳಿಯದು. ಅಕ್ಕನನ್ನು ತಾನೇ ಕೊಂದೆ ಎಂದು ಅವಳ ಮನಸ್ಸು ತೀರ್ಮಾನ ಮಾಡಿತ್ತು. ಅಕ್ಕನ ಮೈಯತ್ತಿಗೆ ಯಾರು ನೀರು ಹಾಕಬೇಕು, ಹೆಣ ತೊಳೆಯುವ ಕೋಣೆಯೊಳಗೆ ತನ್ನನ್ನು ಬಿಡುತ್ತಾರೋ ಇಲ್ಲವೋ ಎಂಬಲ್ಲಿಗೆ ಅದು ಹೋಗಿ ಮುಟ್ಟಿತ್ತು.

ಮಾಬುಬೀಯನ್ನು ಬದುಕಿಸಿದ್ದು ದಢೇಸುಗೂರಿನ ಒಬ್ಬ ಹೆಂಗಸು. ಗಾಳೆಮ್ಮ ಎಂದು ಹೆಸರು. ತನ್ನೂರ ಬಸ್ಸಿಗೆ ಕಾಯುತ್ತಿದ್ದವಳು, ಪಕ್ಕದಲ್ಲಿ ಕೂತ ಕುರುಡು ಮುದುಕಿ ಬೆವರಿ ನಡುಗುತ್ತ ಏನೇನೋ ಮಾತಾಡುವುದನ್ನು ಕಂಡಳು. ಅವಳ ಅತ್ತೆಗೂ ಇದೇ ಕಾಯಿಲೆ ಇತ್ತು. ಚಹಾ ಅಂಗಡಿಗೆ ಓಡಿ ಸಕ್ಕರೆ ತಂದು ಮಾಬುಬೀಯ ನಾಲಿಗೆಯ ಮೇಲೆ ಹಾಕಿದಳು, ಬಾಳೆಹಣ್ಣು ಹಿಸುಕಿ ತಿನ್ನಿಸಿದಳು. ಆಮೇಲೆ ಬೇರೆ ಹೆಂಗಸರನ್ನು ಸೇರಿಸಿಕೊಂಡು ಅವಳನ್ನು ಬಸ್‌ಸ್ಟ್ಯಾಂಡಿನ ಒಳಗಿನ ಕೋಣೆಗೆ ಸಾಗಿಸಿ ಮಲಗಿಸಿದ್ದಳು. ಶಾವಲಿಗೆ ಬೆಂಚಿನ ಮೇಲೆ ಸಿಗದೇ ಇದ್ದದ್ದು ಅದಕ್ಕೇ. ಅವನು ಹುಡುಕಿ ದವಾಖಾನೆಗೆ ಸೇರಿಸಿದಾಗ ಮಾಬುಬೀ ಕೇಳಿದ್ದು ಒಂದೇ: "ನನ್ನ ತಂಗಿಗೆ ಏನಾತು?"

ಲಿಂಗಸುಗೂರಿಗೆ ಬಂದವಳು ಅತೀಯಾ, ಶಾಲೆಯಿಂದ ನೇರವಾಗಿ. ಸಕೀನಾಬೀ ಅವಳನ್ನು ದೂರದಿಂದಲೇ ಕಂಡು ಎದ್ದು ನಿಂತಳು, ಬೈಸಿಕೊಳ್ಳಲು ಸಿದ್ಧಳಾದವಳಂತೆ.

"ಅಮ್ಮಾ ಅದಾಳ ಖಾಲಾ. ಸಲೈನ್ ಹಚ್ಯಾರ. ಮಾತಾಡಾಕತ್ಯಾಳ."

ಸಕೀನಾಬೀ ಕೂತುಬಿಟ್ಟಳು. ಅತೀಯಾ ಪಕ್ಕದಲ್ಲಿ ಕೂತಳು. ಆಮೇಲೆ ಅವಳ ಸೆರಗಿನ ಗಂಟನ್ನು ಬೆರಳಿನಿಂದ ಮುಟ್ಟಿದಳು.

"ಇದನ್ನ ನಾ ನೋಡೀನಿ. ಯಾಕ ಕಟಗೊಂತಾಳ ಅಂತ ಕೇಳಬೇಕು ಅಂತಿದ್ದೆ. ಕೇಳಿದರ ನನಗ ಕೆಲಸ ಬಿಡೂದು ಬರತೈತಿ ಅಂತ ಕೇಳಲಿಲ್ಲ." ಅವಳು ಗಂಟು ಬಿಚ್ಚಿ ಮುಚ್ಚಳ ತೆಗೆದಳು. "ಎಷ್ಟು ದಿನದಿಂದ?"

"ಹೋದ ರಂಜಾನದಿಂದ ಇರಬೇಕು. ಅದಕ್ಕೂ ಮೊದಲೋ, ಗೊತ್ತಿಲ್ಲ."

ಮರುದಿನ ಮನೆಗೆ ಬಂದ ಮಾಬುಬೀ ಎಲ್ಲರ ಮುಂದೆ ಸುಳ್ಳು ಹೇಳಿದಳು. "ಅಬ್ಬಾನ ಗೋರಿ ನೋಡಿ ಬಾ ಅಂತ ನಾನ ಅಕಿನ್ನ ಕಳಿಸಿದ್ದೆ." ಖಾದರಬಾಷಾ ತಲೆ ತಗ್ಗಿಸಿದ. ಸಕೀನಾಬೀ ಅಕ್ಕನ ಮಂಚದ ಬುಡದಲ್ಲಿ ಕೂತು, "ಬ್ಯಾಡ ಆಪಾ. ಇವತ್ತ ನೀ ಮುಚ್ಚಿಟ್ಟರ ನಾಳೆ ನಾ ನಿನ್ನ ಕೊಲ್ಲತೀನಿ" ಅಂದಳು. ಎಲ್ಲವನ್ನೂ ಹೇಳಿದಳು. ಜೀರಿಗೆ, ನಮಾಜು, ಬೆಳಗಿನ ಕಣ್ಣುಮುಚ್ಚುವಿಕೆ.

ರಾಯಚೂರಿನ ಡಾಕ್ಟರು ಸಕೀನಾಬೀಯ ತಲೆಯ ಚಿತ್ರ ತೆಗೆಸಿ, ರಕ್ತ ನೋಡಿ, ಬಗೆಬಗೆಯ ಪ್ರಶ್ನೆ ಕೇಳಿದರು. ಮರೆವಿನ ಕಾಯಿಲೆ, ಈಗಷ್ಟೇ ಶುರು, ಗುಳಿಗೆಯಿಂದ ನಿಲ್ಲುವುದಿಲ್ಲ, ಸ್ವಲ್ಪ ನಿಧಾನವಾಗಬಹುದು ಎಂದರು. ಅವಳಿಗೆ ಹೊಸ ಸುದ್ದಿ ಎನ್ನಿಸಲಿಲ್ಲ.

ಅವಳು ಕಾಯುತ್ತಿದ್ದದ್ದು ಇನ್ನೊಂದು ಮಾತಿಗೆ. ಅದು ಒಂದು ಶುಕ್ರವಾರ, ಪರದೆಯ ಆಚೆಯಿಂದ ಬಂತು. ಹುಬ್ಬಳ್ಳಿಯಲ್ಲಿರುವ ಖಾದರಬಾಷಾನ ತಮ್ಮ ಅಜೀಮ್ ಫೋನಿನಲ್ಲಿದ್ದ, ಸ್ಪೀಕರ್ ಹಾಕಿತ್ತು.

"ಅಮ್ಮಾನ್ನ ನೋಡೂದು ನಮ್ಮ ಫರ್ಜು, ಮಾಡಾಕ ಬೇಕು, ಅದು ಬ್ಯಾರೆ. ಖಾಲಾನ್ನ ಎಷ್ಟ ದಿನ ಇಟಗೊಳ್ಳತಿ? ಮಾಮೂನ ಮಕ್ಕಳು ಸಿಂಧನೂರಾಗ ಅದಾರಲ್ಲ, ಲಕ್ವಾ ಹೊಡೆದ ಅವರ ತಾಯಿದು ಖಾಲಾನ ಮಾಡ್ಯಾಳ, ಅಲ್ಲಿಗೆ ಕಳಸು."

"ಕೇಳಿದೆ" ಎಂದ ಖಾದರಬಾಷಾ. "ಮನ್ಯಾಗ ಜಾಗ ಇಲ್ಲಂದ್ರು."

ಸಕೀನಾಬೀ ಚಾಪೆಯ ಮೇಲೆ ಉಸಿರು ಹಿಡಿದು ಕೂತಿದ್ದಳು. ಕೇಳಿದ್ದಾನೆ. ತನ್ನನ್ನು ಕಳಿಸಲು ಆಗಲೇ ಕೇಳಿ ನೋಡಿದ್ದಾನೆ.

ಅತೀಯಾಳ ದನಿ ಕೇಳಿಸಿತು. "ಭಾಯಿ, ನಾ ಖರೆ ಹೇಳ್ತೀನಿ. ಇಬ್ಬರನ್ನ ನಾ ಒಬ್ಬಾಕಿ ನೋಡಾಕ ಆಗಂಗಿಲ್ಲ. ನನಗ ಹೆದರಿಕಿ ಐತಿ. ಆದರ ಇಷ್ಟ ವರ್ಷ ನಿಮ್ಮ ತಾಯಿ ಬೆನ್ನಿಗೆ ಒಂದು ಹುಣ್ಣಾಗಿಲ್ಲ, ಅದು ನನ್ನ ಕೈಯಿಂದ ಅಲ್ಲ, ನಿಮ್ಮ ಕೈಯಿಂದೂ ಅಲ್ಲ. ತಿಂಗಳಿಗೊಮ್ಮೆ ಬರ್ರಿ, ಎರಡ ದಿನ ಇದ್ದು ನೀವೂ ಉಣಸ್ರಿ. ಆಮ್ಯಾಲೆ ಕಳಿಸೂ ಮಾತು ಮಾತಾಡೋಣು."

ಅಜೀಮ್ ಹ್ಞೂಂ ಅಂದ. ಒಂದು ತಿಂಗಳು ಬಂದ, ಮುಂದಿನ ತಿಂಗಳು ಬರಲಿಲ್ಲ, ಅದರ ಮುಂದಿನ ತಿಂಗಳು ಮತ್ತೆ ಬಂದ. ಇನ್ಸುಲಿನ್ ಕೊಡುವುದನ್ನು ಖಾದರಬಾಷಾನೇ ಕಲಿತ. ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಬರುತ್ತಿದ್ದ. ಮೊದಲ ಸಲ ಅವನು ಸೂಜಿ ಹಿಡಿದಾಗ ಸಕೀನಾಬೀ ಅವನ ಮಣಿಕಟ್ಟು ಹಿಡಿದು ದಾರಿ ತೋರಿಸಿದಳು. ಉಣಿಸುವುದು, ಕಾಲು ನೋಡುವುದು ಇನ್ನೂ ಅವಳದೇ. ಅತೀಯಾ ಕೆಲಸ ಬಿಡಲಿಲ್ಲ. ಶಾಲೆ ಹತ್ತಿರವೇ ಇತ್ತು, ನಡುವೆ ಬಿಡುವಿದ್ದಾಗ ಬಂದು ಹಣಿಕಿ ಹಾಕಿ ಹೋಗುತ್ತಿದ್ದಳು.

ಒಂದು ರವಿವಾರ ಅತೀಯಾ ಅಕ್ಕಿ ಆರಿಸುತ್ತಿದ್ದಾಗ ಸಕೀನಾಬೀ ಎದುರಿಗೆ ಬಂದು ಕೂತಳು.

"ನಿನಗ ಸ್ವಲ್ಪ ಹೇಳೂದೈತಿ. ಈಗ ನೆನಪೈತಿ, ಅದಕ್ಕ. ಮುಂದ ನಾ ಅಬ್ಬಾ ಎಲ್ಲಿ ಅಂತ ಕೇಳಿದರ, ಸತ್ತಾನ ಅನ್ನಬ್ಯಾಡ. ಅಬ್ಬಾ ಅವರವ್ವನ್ನ ಕೇಳಿದಾಗೆಲ್ಲ ನಾ ಸತ್ತಾಳ ಅಂತಿದ್ದೆ. ಪ್ರತಿ ಸಲ ಹೊಸದಾಗಿ ಕೇಳಿದಂಗ ಅಳತಿದ್ದ. ಬುದ್ಧಿ ಬರೂದರಾಗ ಭಾಳ ಅಳಿಸಿಬಿಟ್ಟೆ."

ಅತೀಯಾಳ ಬೆರಳು ಅಕ್ಕಿಯಲ್ಲಿ ನಿಂತವು. "ಏನನ್ನಲಿ ಮತ್ತ?"

"ಮಸೂತಿಗೆ ಹೋಗ್ಯಾನ, ಬರತಾನ ಅನ್ನು. ಬಾಗಲಿಗೆ ಚಿಲಕ ಮ್ಯಾಲೆ ಹಚ್ಚಸ್ರಿ, ನನ್ನ ಕೈಗೆ ಎಟಕದಂಗ. ನಾ ಬೈದರ, ಹೊಡಿಯಾಕ ಬಂದರ, ಮನಸಿಗೆ ಹಚಗೋಬ್ಯಾಡ."

"ನಿನಗ ಹೆದರಿಕಿ ಆಗಂಗಿಲ್ಲೇನು ಖಾಲಾ, ಇದನ್ನೆಲ್ಲಾ ಹೇಳಾಕ?"

"ಆಗತೈತಿ. ಮುಂಜಾನೆ ಭಾಳ ಆಗತೈತಿ."

"ನನಗೂ ಆಗತೈತಿ" ಎಂದಳು ಅತೀಯಾ. ಕೊನೆತನಕ ನೋಡಿಕೊಳ್ಳುತ್ತೇನೆ ಎಂಬ ಮಾತನ್ನು ಅವಳು ಆಡಲಿಲ್ಲ. ಸಕೀನಾಬೀಯೂ ಕೇಳಲಿಲ್ಲ. ಆಡಿ ಮರೆತವರನ್ನು ಅವಳು ಬೇಕಾದಷ್ಟು ಕಂಡಿದ್ದಳು.

ಚಳಿ ಬಿದ್ದ ಮೇಲೆ ಒಂದು ಮುಂಜಾನೆ ಸಕೀನಾಬೀಗೆ ಎಚ್ಚರವಾದಾಗ ಕೋಣೆ ಗುರುತು ಹತ್ತಲಿಲ್ಲ. ಮಂಚದ ಮೇಲೆ ಯಾರೋ ಮುದುಕಿ ಮಲಗಿದ್ದಳು. ಯಾರ ಮನೆ, ಯಾವ ಊರು, ತಾನು ಯಾಕೆ ಇಲ್ಲಿದ್ದೇನೆ? ಕಣ್ಣು ಮುಚ್ಚಿ ಕಾಯೋಣ ಎನ್ನಿಸಿತು, ಮುಚ್ಚಿದಳು. ಕತ್ತಲು ಇನ್ನೂ ಹೆಚ್ಚಾಯಿತು. ಈ ಸಲ ಅವಳು ಎದ್ದು ಕೂತು, ಯಾರ ಹೆಸರೂ ಬಾರದೆ, "ಯಾರರ ಅದೀರೇನು?" ಎಂದು ಕರೆದಳು.

ರೊಟ್ಟಿ ಬಡಿಯುತ್ತಿದ್ದ ಅತೀಯಾ ಹಿಟ್ಟಿನ ಕೈಯಲ್ಲೇ ಬಂದಳು. "ನಾ ಅತೀಯಾ, ಖಾಲಾ. ಇದು ಮಸ್ಕಿ. ನಮ್ಮನಿ. ಅಕಿ ನಿಮ್ಮಕ್ಕ, ಮಾಬುಬೀ."

ಹೆಸರುಗಳು ಒಂದೊಂದಾಗಿ ಬಂದು ತಮ್ಮ ಜಾಗದಲ್ಲಿ ಕೂತವು. ಹೆದರಿಕೆ ಕೂಡಲೇ ಹೋಗಲಿಲ್ಲ. ಅತೀಯಾಳೂ ಹೋಗಲಿಲ್ಲ, ಒಲೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬರುವತನಕ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು.

ಮಂಚದ ಮೇಲಿಂದ ಮಾಬುಬೀ ಕೈ ಚಾಚಿದಳು. "ಸಕೀನಾ, ಎದ್ದಿಯೇನು? ಗಂಟಲ ಒಣಗೈತಿ."

ಸಕೀನಾಬೀ ಎದ್ದು ಹೋಗಿ ಹೂಜಿಯಿಂದ ನೀರು ಬಗ್ಗಿಸಿದಳು.